ಪದವಿ ಓದಿನ ಜೊತೆ ವಾದ್ಯ ಕಲಿಕೆ: ಕೊಟ್ಟೂರಿನವರಿಗೆ ಯಾರು ಗತಿ?

ಮಂಗಳೂರಿನಲ್ಲಿ ಬಿ.ಕಾಂ. ಓದುತ್ತಲೇ ವಾದ್ಯ ಕಲಿಯಬಹುದು. ಸಂದೇಶ ಪ್ರತಿಷ್ಠಾನದಂತಹ ಕೇಂದ್ರಗಳಿವೆ. ವಿಜಯನಗರ ಜಿಲ್ಲೆಯ ಕೊಟ್ಟೂರಿನ ವಿದ್ಯಾರ್ಥಿ ಏನು ಮಾಡಬೇಕು? ಸಂಗೀತಕ್ಕೆಂದೇ 2008ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಇರುವುದು ದೂರದ ಮೈಸೂರಿನಲ್ಲಿ. ಹತ್ತಿರದ ದೊಡ್ಡ ಹೆಸರೆಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (ನಿಧನ 2010) ಅಲ್ಲಿ ಅಂಧರಿಗೂ ಬಡವರಿಗೂ ಅನ್ನವಿಟ್ಟು ವಿದ್ಯೆ ಕಲಿಸಿದರು. ಆದರೆ ಅದು ಗುರುಕುಲ. ಡಿಗ್ರಿ ಓದುವವರಿಗೆ ಬೇಕಾದದ್ದು ವಾರಕ್ಕೆರಡು ಸಂಜೆಯ ಪಾಠ.

ರಾಷ್ಟ್ರೀಯ ಶಿಕ್ಷಣ ನೀತಿ 2021ರಲ್ಲಿ ರಾಜ್ಯದ ಕಾಲೇಜುಗಳಿಗೆ ಬಂದಾಗ ಬೇರೆ ವಿಭಾಗದ ವಿಷಯವನ್ನೂ ಆರಿಸಿಕೊಳ್ಳಬಹುದೆಂಬ ಆಸೆ ಹುಟ್ಟಿತ್ತು. 2024ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ನೀತಿ ಯಾವುದಿದ್ದರೇನು, ತಬಲಾ ಕಲಿಸುವ ಮೇಷ್ಟ್ರೇ ಇಲ್ಲದ ಕಾಲೇಜಿಗೆ!

ಇದು ಚರ್ಚ್‌ಗೂ ಸಂಬಂಧಿಸಿದ ವಿಷಯ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಪೈಪ್ ಆರ್ಗನ್ ಜೊತೆಗೆ ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಅವಕಾಶ ಕೊಟ್ಟಿದೆ. ಹಾಗಿದ್ದೂ ನಮ್ಮ ಬಲಿಪೂಜೆಗಳಲ್ಲಿ ಕೀಬೋರ್ಡಿನ ಸಿದ್ಧತಾಳ ಕೇಳುವುದು ಬೇಸರದ ಸಂಗತಿ. ಗಾಯನ ಮಂಡಳಿಯಲ್ಲಿ ನುಡಿಸುವವರು ಹೆಚ್ಚಾಗಿ ಕಾಲೇಜು ಮಕ್ಕಳೇ. ಪರೀಕ್ಷೆ ಬಂದರೆ, ಶುಲ್ಕ ಹೊಂದದಿದ್ದರೆ ಮೊದಲು ನಿಲ್ಲುವುದು ಅವರ ವಾದ್ಯಪಾಠ. ಪಾಲನಾ ಪರಿಷತ್ತು ಆ ಶುಲ್ಕವನ್ನು ವಾರ್ಷಿಕ ಬಜೆಟ್ಟಿಗೆ ಸೇರಿಸಬಹುದು. ಕೊಟ್ಟೂರಿನ ಕಡೆಗೆ ಬಳ್ಳಾರಿ ಧರ್ಮಪ್ರಾಂತ್ಯದ ಮೂಲಕ ಬೇಸಿಗೆ ರಜೆಯಲ್ಲಿ ಕರಾವಳಿಯ ವಾದಕರನ್ನು ಕಳುಹಿಸುವುದೂ ದೊಡ್ಡ ಖರ್ಚಿನ ಮಾತಲ್ಲ.