ಹೊನ್ನೆ ಲೋಟದ ವ್ಯಾಪಾರ ಮತ್ತು ಬಸ್ ಸ್ಟ್ಯಾಂಡಿನ ಗೋಡೆ

"ಸಕ್ಕರೆ ಕಾಯಿಲೆ ಬುಡಸಮೇತ ಮಾಯ! ಮಾತ್ರೆ ಬಿಡಿ, ಇಂಜೆಕ್ಷನ್ ಬಿಡಿ!" ಬಸ್ ಸ್ಟ್ಯಾಂಡಿನ ಗೋಡೆ ತುಂಬ ಇದೇ ಪೋಸ್ಟರು. ಕೆಳಗೆ ಗೋಣಿತಾಟು ಹಾಸಿ ಕೂತವನ ಮುಂದೆ ಹೊನ್ನೆ ಮರದ ಲೋಟ, ನೇರಳೆ ಬೀಜದ ಪುಡಿ, ಮಧುನಾಶಿನಿ ಎಲೆ. ವ್ಯಾಪಾರ ಭರ್ಜರಿ. ಆಗದೆ ಏನು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿನಂತೆ ದೇಶದಲ್ಲಿ ಈ ಕಾಯಿಲೆಯವರು 10 ಕೋಟಿಗೂ ಹೆಚ್ಚು.

ಗಿಡಮೂಲಿಕೆ ಎಂದರೆ ಬರೀ ಬುರುಡೆ ಎಂದು ಮೂಗು ಮುರಿಯುವವರೂ ಇದ್ದಾರೆ. ಅದೂ ತಪ್ಪೇ. ಡಾಕ್ಟರು ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಹುಡುಕಿದರೆ ಸಿಗುವುದು ಯೂರೋಪಿನ ಗಲೀಗಾ ಎಂಬ ಗಿಡ. ಅದರ ಸತ್ವ ಸಕ್ಕರೆಯನ್ನೇನೋ ಇಳಿಸುತ್ತಿತ್ತು, ವಿಷವೂ ಆಗುತ್ತಿತ್ತು. ಅದಕ್ಕೆ ಹತ್ತಿರದ, ಅಷ್ಟು ವಿಷವಲ್ಲದ ಮದ್ದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದಾಯಿತು. ರೋಗಿಗಳಿಗೆ ಕೊಟ್ಟು ಫ್ರಾನ್ಸಿನ ವೈದ್ಯ ಜ್ಯಾಂ ಸ್ಟರ್ನ್ ವರದಿ ಬರೆದದ್ದು 1957ರಲ್ಲಿ.

ಹೊನ್ನೆಯೂ ಕಡಿಮೆಯದಲ್ಲ. ಹೊಸದಾಗಿ ಕಾಯಿಲೆ ಪತ್ತೆಯಾದ 97 ಜನರಿಗೆ ಸಂಶೋಧನಾ ಮಂಡಳಿಯೇ ಹೊನ್ನೆಯ ಸಾರ ಕೊಟ್ಟು ನೋಡಿತ್ತು. 12 ವಾರದಲ್ಲಿ 67 ಮಂದಿಗೆ ಸಕ್ಕರೆ ಹತೋಟಿಗೆ ಬಂತೆಂದು 1998ರ ವರದಿ. ಆದರೆ ಅಲ್ಲಿ ಗ್ರಾಂ ಲೆಕ್ಕದಲ್ಲಿ ಅಳೆದು ಕೊಟ್ಟರು, ರಕ್ತ ಪರೀಕ್ಷೆ ಮಾಡುತ್ತ ಹೋದರು. ಲೋಟದಲ್ಲಿ ರಾತ್ರಿಯಿಡೀ ಇಟ್ಟ ನೀರಿಗೆ ಎಷ್ಟು ಸಾರ ಇಳಿಯಿತು? ಮೂರು ತಿಂಗಳು ಹಳೆಯ ಲೋಟದಿಂದ ಎಷ್ಟು? ಮಾರುವವನಿಗೂ ಗೊತ್ತಿಲ್ಲ, ಕುಡಿಯುವವನಿಗೂ ಗೊತ್ತಿಲ್ಲ.

ಮಧುನಾಶಿನಿಯ ಆಟವಂತೂ ನೋಡಬೇಕು. ಗಿರಾಕಿಗೆ ಎಲೆ ಅಗಿಸಿ, ಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕುತ್ತಾನೆ. ಮರಳು ತಿಂದಂತಾಗುತ್ತೆ! "ನೋಡಿ ಯಜಮಾನ್ರೇ, ನಿಮ್ಮ ರಕ್ತದಲ್ಲಿರೋ ಸಕ್ಕರೇನೂ ಹಿಂಗೇ ಸಾಯೋದು" ಅಂತಾನೆ. ಸುತ್ತ ನಿಂತವರು ತಲೆದೂಗಿ ಜೇಬಿಗೆ ಕೈ ಹಾಕುತ್ತಾರೆ. ನಿಜಕ್ಕೂ ಆದದ್ದೇನು? ಎಲೆಯ ಜಿಮ್ನೆಮಿಕ್ ಆಮ್ಲ ನಾಲಗೆಯ ಸಿಹಿ ಗ್ರಹಿಸುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿತು, ಅಷ್ಟೇ. ಮನೆ ಸೇರಿ ಕಾಫಿ ಕುಡಿಯುವಷ್ಟರಲ್ಲಿ ಸಿಹಿ ವಾಪಸು. ಆ ಎಲೆಯಿಂದ ರಕ್ತದ ಸಕ್ಕರೆ ಇಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದದ್ದು ರಕ್ತ ಪರೀಕ್ಷೆ, ನಾಲಗೆಯಲ್ಲ.

ಪುಡಿಗೆ ಹೋದ ದುಡ್ಡು ಹಾಳಾಗಲಿ ಎನ್ನಬಹುದು. "ಇಂಜೆಕ್ಷನ್ ಬಿಡಿ" ಎಂಬ ಮಾತು ಮಾತ್ರ ಜೀವ ತೆಗೆಯುವಂಥದ್ದು. ಮಕ್ಕಳಿಗೆ ಬರುವ ಬಗೆಯ ಕಾಯಿಲೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಇತ್ತ ಮಾತ್ರೆಯನ್ನೂ ನುಂಗಿ, ಯಾರಿಗೂ ಹೇಳದೆ ಹಾಗಲಕಾಯಿ ರಸವನ್ನೂ ಕುಡಿಯುವವರಿಗೆ ಸಕ್ಕರೆ ಅತಿಯಾಗಿ ಇಳಿಯಬಹುದು. ಬೆವರು, ನಡುಕ, ತಲೆಸುತ್ತು. ಬಸ್ಸಿನ ಸೆಕೆ ಅಂದುಕೊಂಡು ಸುಮ್ಮನಾಗುತ್ತಾರೆ.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಮಧುಮೇಹದ ಹೆಸರು ಅದರ ಪಟ್ಟಿಯಲ್ಲಿಯೇ ಇದೆ. ಗೋಡೆ ಯಾರೋ ಖಾಸಗಿಯವರದ್ದಲ್ಲ. ಕಾಯಿದೆ ಜಾರಿ ಮಾಡಬೇಕಾದ ಅಧಿಕಾರಿಗಳು ಓಡಾಡುವುದೂ ಅದೇ ರಸ್ತೆಯಲ್ಲಿ. ಒಂದು ಬಕೆಟ್ ಸುಣ್ಣ, ಒಬ್ಬ ಆಳು, ಅರ್ಧ ದಿನದ ಕೆಲಸ. ಇನ್ನು ಲೋಟದ ನೀರು ಕುಡಿದೇ ಕುಡಿಯುತ್ತೇವೆ ಎನ್ನುವವರು ಡಾಕ್ಟರಿಗೆ ಹೇಳಿ ಕುಡಿಯಲಿ, ಮಾತ್ರೆ ಬಿಡದಿರಲಿ.