ಚುಕ್ಕಿಗಳ ಲೆಕ್ಕ

ಕಂದಪದ್ಯಕ್ಕೆ ಪ್ರಸ್ತಾರ ಹಾಕುವದನ್ನು ತಾವು ಸಾಲೆಯಲ್ಲಿ ಕಲಿತಿರುವಿರಿ. ಒಂದು, ಮೂರನೆಯ ಪಾದಗಳಿಗೆ 12 ಮಾತ್ರೆ, ಎರಡು, ನಾಲ್ಕನೆಯವಕ್ಕೆ 20, ಒಟ್ಟು 64. ಮೊತ್ತ ತಪ್ಪಿದರೆ ಪದ್ಯವು ಎಷ್ಟೇ ಮಧುರವಾಗಿದ್ದರೂ ಕಂದವೆನಿಸದು. ಹತ್ತನೆಯ ಇಯತ್ತೆಯ ಮಕ್ಕಳು ರಸಾಯನಶಾಸ್ತ್ರದಲ್ಲಿ ಬಿಡಿಸುವ ಎಲೆಕ್ಟ್ರಾನ್ ಚುಕ್ಕಿ ರಚನೆಯೂ ಇಂತಹದೇ ಲೆಕ್ಕ.

ಆದರೆ ನಮ್ಮ ಗೋಕಾಕ ಪ್ರಾಂತದಲ್ಲಿಯೂ ಅನೇಕ ಮಕ್ಕಳು ಲೆಕ್ಕವನ್ನು ಬಿಟ್ಟು ಚಿತ್ರವನ್ನು ಬಾಯಿಪಾಠ ಮಾಡುವದನ್ನು ನಾವು ಕಂಡಿದ್ದೇವೆ. ಪುಸ್ತಕದಲ್ಲಿಲ್ಲದ ಅಣುವೊಂದು ಪರೀಕ್ಷೆಯಲ್ಲಿ ಬಂದರೆ ಅವರ ಲೇಖನಿ ನಿಂತುಬಿಡುವದು. ಕನ್ನಡದಲ್ಲಿ ಓದಿ ಮುಂದೆ ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಅಭ್ಯಸಿಸುವವರಿಗಂತೂ ಇಮ್ಮಡಿ ಕಷ್ಟ: ಭಾಷೆಯೂ ಹೊಸದು, ಲೆಕ್ಕವೂ ತಿಳಿಯದು. ಲೆಕ್ಕವನ್ನಾದರೂ ಮನೆಯ ಹಿರಿಯರು ಕನ್ನಡದಲ್ಲಿಯೇ ಹೇಳಿಕೊಡಬಹುದಷ್ಟೆ.

ಈ ಪದ್ಧತಿಯನ್ನು ಅಮೇರಿಕೆಯ ರಸಾಯನಶಾಸ್ತ್ರಜ್ಞರಾದ ಗಿಲ್ಬರ್ಟ್ ಲೂಯಿಸರು 1916ರಲ್ಲಿ ಪ್ರಕಟಿಸಿದರು. ಪರಮಾಣುವಿನ ಅತ್ಯಂತ ಹೊರಗಿನ ಕವಚದಲ್ಲಿರುವ ಎಲೆಕ್ಟ್ರಾನುಗಳೇ ಚುಕ್ಕಿಗಳು. ಜಲಜನಕಕ್ಕೆ 1, ಇಂಗಾಲಕ್ಕೆ 4, ಸಾರಜನಕಕ್ಕೆ 5, ಆಮ್ಲಜನಕಕ್ಕೆ 6. ಜಲಜನಕವು ಎರಡರಿಂದ ತೃಪ್ತವಾಗುವದು. ಉಳಿದ ಮೂರಕ್ಕೆ ಎಂಟು ಬೇಕು. ಎರಡು ಪರಮಾಣುಗಳ ನಡುವೆ ಇಟ್ಟ ಜೋಡಿಯು ಎರಡರ ಲೆಕ್ಕಕ್ಕೂ ಸಲ್ಲುವದು. ಇಲ್ಲಿ ಮಾತ್ರ ನಮ್ಮ ಛಂದಸ್ಸಿನ ಉಪಮೆ ಸಾಲದು. ಒಂದೇ ಮಾತ್ರೆಯನ್ನು ಎರಡು ಗಣಗಳಲ್ಲಿ ಎಣಿಸುವ ಸ್ವಾತಂತ್ರ್ಯ ಯಾವ ಕವಿಗೂ ಇಲ್ಲ.

ಘಟಪ್ರಭೆಯ ನೀರನ್ನೇ ತೆಗೆದುಕೊಳ್ಳೋಣ. ಜಲಜನಕ ಎರಡರಿಂದ 2, ಆಮ್ಲಜನಕದಿಂದ 6, ಒಟ್ಟು 8. ಜಲಜನಕವನ್ನು ಎಂದಿಗೂ ನಡುವೆ ಇಡಕೂಡದು, ಅದು ಒಂದೇ ಜೋಡಿಯನ್ನು ಹಿಡಿಯಬಲ್ಲದು. ಆದಕಾರಣ ಆಮ್ಲಜನಕವು ನಡುವೆ. ಎರಡೂ ಕಡೆಗೆ ಒಂದೊಂದು ಜೋಡಿ. ಉಳಿದ ನಾಲ್ಕು ಚುಕ್ಕಿಗಳು ಆಮ್ಲಜನಕದ ಮೇಲೆ ಎರಡು ಒಂಟಿ ಜೋಡಿಗಳಾಗಿ ನಿಲ್ಲುವವು. ಇವು ಬಂಧದ ಜೋಡಿಗಳನ್ನು ನೂಕುವದರಿಂದಲೇ ನೀರಿನ ಅಣುವು ನೆಟ್ಟಗಿರದೆ ಬಾಗಿರುವದು.

ಮಕ್ಕಳು ಎಡವುವದು ನಾವು ಉಸಿರಿನಲ್ಲಿ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ. 4 ಮತ್ತು 12, ಒಟ್ಟು 16. ನಡುವೆ ಇಂಗಾಲ, ಎರಡೂ ಕಡೆಗೆ ಒಂದೊಂದು ಜೋಡಿ. ಮಿಕ್ಕ 12ನ್ನು ಆಮ್ಲಜನಕಗಳಿಗೆ ಹಂಚಿದರೆ ಅವಕ್ಕೆ ಎಂಟೆಂಟಾದವು. ಇಂಗಾಲಕ್ಕೆ ನಾಲ್ಕೇ! ಆಗ ಮಕ್ಕಳು ಎಲ್ಲಿಂದಲೋ ಹೊಸ ಚುಕ್ಕಿಗಳನ್ನು ತಂದು ಇಂಗಾಲದ ಸುತ್ತ ಇಡುವರು. 16ನ್ನು ಮೀರಲು ಅಪ್ಪಣೆಯಿಲ್ಲ. ಪ್ರತಿಯೊಂದು ಆಮ್ಲಜನಕವು ತನ್ನ ಒಂದು ಒಂಟಿ ಜೋಡಿಯನ್ನು ನಡುವಿಗೆ ಸರಿಸಬೇಕು. ಎರಡೂ ಕಡೆಗೆ ದ್ವಿಬಂಧವಾಗಿ ಮೂವರಿಗೂ ಎಂಟು ದೊರೆಯುವದು.

ಕಬ್ಬಿಗೆ ಹಾಕುವ ಅಮೋನಿಯಂ ಸಲ್ಫೇಟ್ ಗೊಬ್ಬರದಲ್ಲಿಯ ಅಮೋನಿಯಂ ಅಯಾನಿಗೆ ಒಂದು ಧನ ಆವೇಶವುಂಟು. ಸಾರಜನಕದ 5, ನಾಲ್ಕು ಜಲಜನಕಗಳ 4, ಕೂಡಿ 9. ಅದರಲ್ಲಿ 1 ಕಳೆದು 8. ಧನವೆಂದ ಕೂಡಲೆ ಕೂಡಿಸುವವರಿದ್ದಾರೆ. ಇಲ್ಲಿ ಧನವೆಂದರೆ ಎಲೆಕ್ಟ್ರಾನನ್ನು ಕಳೆದುಕೊಂಡದ್ದು.

ಚುಕ್ಕಿಗಳು ಸರ್ವಜ್ಞವಲ್ಲ. ಆಮ್ಲಜನಕ ವಾಯುವಿನ ಚಿತ್ರದಲ್ಲಿ 12 ಚುಕ್ಕಿಗಳೂ ಜೋಡಿಯಾಗಿಯೇ ಕುಳಿತುಕೊಳ್ಳುವವು. ಆದರೆ ದ್ರವರೂಪದ ಆಮ್ಲಜನಕವು ಅಯಸ್ಕಾಂತಕ್ಕೆ ಅಂಟಿಕೊಳ್ಳುವದರಿಂದ ಅದರಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವದು ಸಿದ್ಧವಾಗಿದೆ.

ಈ ತಿಂಗಳು ಮಕ್ಕಳಿಂದ ನೈಟ್ರೇಟ್ ಅಯಾನನ್ನು ಬಿಡಿಸಿ ನೋಡಬೇಕು: ನಡುವೆ ಸಾರಜನಕ, ಸುತ್ತಲೂ ಮೂರು ಆಮ್ಲಜನಕ, ಒಂದು ಋಣ ಆವೇಶ, ಮೊತ್ತ 24. ಒಂದೇ ಆಮ್ಲಜನಕವು ಜೋಡಿಯನ್ನು ನಡುವಿಗೆ ಸರಿಸಬೇಕಾಗುವದು. ಮೂರರಲ್ಲಿ ಯಾವದು ಎಂದು ಮಗುವು ಕೇಳಿದರೆ ಲೆಕ್ಕವು ಅದಕ್ಕೆ ತಿಳಿದಂತೆಯೇ. ಮೂರು ಚಿತ್ರಗಳನ್ನೂ ಬಿಡಿಸಹೇಳಬೇಕು.