ಕಪಾಟಿನಲ್ಲಿ ಬೀಗ ಹಾಕಿಟ್ಟ ಗಾನ

ನಮ್ಮ ಬಲಿಪೂಜೆಗಳಲ್ಲಿ ಇಂದು ಹಾಡುತ್ತಿರುವವರು ಯಾರು? ಭಕ್ತಾದಿಗಳು ಎಂದು ಉತ್ತರಿಸಲು ಧೈರ್ಯ ಬಾರದು. ಅನೇಕ ಕಡೆ ಕೀಬೋರ್ಡಿನ ಗುಂಡಿ ಒತ್ತಿದರೆ ತಾಳ ತಾನಾಗಿ ಹೊರಡುತ್ತದೆ. ಧ್ವನಿವರ್ಧಕದ ಮುಂದೆ ಇಬ್ಬರು ಹಾಡುತ್ತಾರೆ. ಮಿಕ್ಕವರು ಕೇಳುತ್ತಾ ನಿಲ್ಲುತ್ತಾರೆ. ಇದಕ್ಕೆ ಮದ್ದಾಗಿ, ಮೂರು ನಾಲ್ಕು ಸ್ವರಸಾಲುಗಳು ಏಕಕಾಲದಲ್ಲಿ ಹೆಣೆದುಕೊಳ್ಳುವ ವೃಂದಗಾನವನ್ನು, ಅದರಲ್ಲೂ ಬ್ರಿಟಿಷ್ ಪರಂಪರೆಯ ಕೃತಿಗಳನ್ನು, ನಮ್ಮ ಯುವಜನರಿಗೆ ಕಲಿಸೋಣ ಎಂದರೆ ಕೂಡಲೇ ಮೂರು ಆಕ್ಷೇಪಣೆಗಳು ಏಳುತ್ತವೆ. ಅದು ಪರಕೀಯ; ಅದು ಬೆಂಗಳೂರು, ಮಂಗಳೂರಿನ ದೊಡ್ಡ ದೇವಾಲಯಗಳಿಗೆ ಸರಿ, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಚಿಕ್ಕ ಸಮುದಾಯಗಳಿಗಲ್ಲ; ಆ ಸ್ವರಲಿಪಿಯನ್ನು ಓದಬಲ್ಲವರು ಇಲ್ಲಿ ಯಾರಿದ್ದಾರೆ? ಈ ಮೂರೂ ಟೊಳ್ಳು ಎಂಬುದೇ ನನ್ನ ವಾದ.

ಮೊದಲು ಪರಕೀಯತೆಯ ಮಾತು. ಸವಣೂರಿನ ಕಲ್ಮಠದ ಆವರಣದಲ್ಲಿ ನಾವು ಅಭಿಮಾನದಿಂದ ತೋರಿಸುವ ದೊಡ್ಡ ಹುಣಸೆಯ ಮೂಲ ಆಫ್ರಿಕಾ. ಜಿಲ್ಲೆಗೆ ಹೆಸರು ತಂದ ಬ್ಯಾಡಗಿ ಮೆಣಸಿನಕಾಯಿಯ ತವರು ಅಮೆರಿಕ. ಹಾನಗಲ್ಲ ಸೀಮೆಯಲ್ಲೇ ಜನಿಸಿದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಸಿದ್ಧಿಸಿಕೊಂಡ ಪಿಟೀಲು ಮತ್ತು ಹಾರ್ಮೋನಿಯಂ ಯುರೋಪಿನಿಂದ ಬಂದವು. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ ಕನ್ನಡ ಬಡವಾಗಲಿಲ್ಲ. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆಯಿತು. ವಿದೇಶೀ ಯಂತ್ರದ ಸಿದ್ಧತಾಳವನ್ನು ಮರುಮಾತಿಲ್ಲದೆ ಗರ್ಭಗುಡಿಯ ಪಕ್ಕದಲ್ಲಿ ಕೂರಿಸಿದ ನಾವು, ಮನುಷ್ಯಕಂಠದಿಂದ ಹೊಮ್ಮುವ ಗಾನವನ್ನು ಮಾತ್ರ ವಿದೇಶೀ ಎಂದು ತಳ್ಳುವುದು ಯಾವ ನ್ಯಾಯ?

ನಮ್ಮ ಭಜನಾ ಪದ್ಧತಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫರ (1819–1889) ತತ್ವಪದಗಳನ್ನು ಊರೂರಿನ ಮೇಳಗಳು ಇಂದಿಗೂ ಹಾಡುತ್ತವೆ. ಅಲ್ಲಿ ಒಬ್ಬರು ಮುಂದಾಗಿ ಹೇಳುತ್ತಾರೆ, ಉಳಿದವರು ಅದೇ ಧಾಟಿಯಲ್ಲಿ ಹಿಂಬಾಲಿಸುತ್ತಾರೆ. ವೃಂದಗಾನದ ಶಿಸ್ತು ಬೇರೆ. ಅಲ್ಲಿ ಒಬ್ಬೊಬ್ಬರ ಸಾಲೂ ಬೇರೆ; ಒಂದನ್ನೇ ಹಾಡಿದರೆ ಅರ್ಧ ವಾಕ್ಯ ಓದಿದಂತಾಗುತ್ತದೆ. ನೆರೆಯವನ ದನಿಗೆ ಕಿವಿಗೊಡದವನು ತನ್ನ ದನಿಯನ್ನೂ ಹಿಡಿಯಲಾರ. ದೇಹ ಒಂದು, ಅಂಗಗಳು ಹಲವು ಎಂಬ ಸಂತ ಪೌಲರ ಬೋಧನೆಯನ್ನು ನಾವು ಪ್ರಬೋಧನೆಗಳಲ್ಲಿ ವಿವರಿಸುತ್ತೇವೆ. ವೃಂದದಲ್ಲಿ ನಿಂತ ಹುಡುಗ ಅದನ್ನು ಅನುಭವಿಸುತ್ತಾನೆ. ನಾಲ್ಕು ದನಿಗಳು ಕೂಡಿ ಕೊನೆಯ ಸ್ವರದಲ್ಲಿ ನೆಲೆಗೊಂಡಾಗ ಆಗುವ ಆನಂದವನ್ನು ಒಮ್ಮೆ ಸವಿದವರು ಗುಂಡಿ ಒತ್ತುವ ತಾಳಕ್ಕೆ ಸುಲಭವಾಗಿ ಮರಳಲಾರರು.

ಎರಡನೆಯದು, ನಾವು ಕೆಲವರೇ ಎಂಬ ಅಳುಕು. ವಿಲಿಯಂ ಬರ್ಡ್ ಎಂಬ ಇಂಗ್ಲಿಷ್ ಸಂಗೀತಗಾರನನ್ನು ನೆನೆಯಿರಿ. ಆತ ರಾಣಿ ಮೊದಲನೆಯ ಎಲಿಜಬೆತ್‌ಳ ಅರಮನೆಯ ಗಾನಮಂದಿರಕ್ಕೆ ಸೇರಿದವನು, ವಿಶ್ವಾಸದಲ್ಲಿ ಕಥೋಲಿಕನು. ಆ ದಿನಗಳಲ್ಲಿ ಅಲ್ಲಿ ಕಥೋಲಿಕ ಬಲಿಪೂಜೆ ನಿಷಿದ್ಧವಾಗಿತ್ತು. ಮನೆಗಳಲ್ಲಿ ಗುಟ್ಟಾಗಿ ಸೇರುತ್ತಿದ್ದವರಿಗಾಗಿ 1590ರ ದಶಕದಲ್ಲಿ ಅವನು ಮೂರು, ನಾಲ್ಕು ಮತ್ತು ಐದು ದನಿಗಳ ಪೂಜಾಗೀತೆಗಳನ್ನು ಮುದ್ರಿಸಿದನು. ಅವುಗಳಿಗೆ ಮುಖಪುಟವಿರಲಿಲ್ಲ, ಮುದ್ರಕನ ಹೆಸರೂ ಇರಲಿಲ್ಲ. ಅವುಗಳಲ್ಲಿ ಮೊದಲನೆಯದಕ್ಕೆ ಮೂವರು ಹಾಡುವವರು ಸಾಕು. ಹಾನಗಲ್ಲದಲ್ಲಿ ಮೂವರು ಸಿಗಲಾರರೆ? ಮಹಾದೇವಾಲಯಗಳ ಸೊತ್ತೆಂದು ನಾವು ಹೆದರುವ ಈ ಸಂಗೀತದ ಒಂದು ಉತ್ತಮ ಭಾಗ ನಮಗಿಂತ ಚಿಕ್ಕದಾದ, ನಮಗಿಂತ ಭಯಗ್ರಸ್ತವಾದ ಕೂಟಗಳಿಗಾಗಿಯೇ ಹುಟ್ಟಿತು.

ಮೂರನೆಯದು ಓದಲು ಬಾರದೆಂಬ ನೆಪ. ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ ಸುಲಭ ಪದ್ಧತಿಯನ್ನು ಜಾನ್ ಕರ್ವೆನ್ (1816–1880) ಎಂಬ ಬೋಧಕರು ‘ಟಾನಿಕ್ ಸೋಲ್ಫಾ’ ಎಂಬ ಹೆಸರಿನಲ್ಲಿ ಕಾರ್ಮಿಕರಿಗೂ ಬಡ ಮಕ್ಕಳಿಗೂ ಮುಟ್ಟಿಸಿದರು. ಐದು ಗೆರೆಗಳ ಬದಲು ಡೊ, ರೆ, ಮಿ ಅಕ್ಷರಗಳು. ಯಾವ ಶ್ರುತಿಯಲ್ಲಿ ಹಾಡಿದರೂ ಆಧಾರಸ್ವರವೇ ‘ಡೊ’. ನಮ್ಮ ಷಡ್ಜದ ನಿಯಮವೂ ಇದೇ ಅಲ್ಲವೇ? ಹಾರ್ಮೋನಿಯಂ ಮುಂದೆ ಕುಳಿತು ಬಿಲಾವಲ್ ಥಾಟಿನ ಸರಿಗಮ ಹಾಡಬಲ್ಲ ನಮ್ಮ ಮಗುವಿಗೆ ಈ ಪದ್ಧತಿಯ ಅರ್ಧ ಪಾಠ ಆಗಲೇ ಬಂದಿದೆ. ಬ್ರಿಟಿಷ್ ಹಾಳೆಯನ್ನು ಕನ್ನಡದ ಸ, ರಿ, ಗ, ಮಗಳಲ್ಲಿ ಬರೆದುಕೊಡುವ ಶ್ರಮವನ್ನು ಸೆಮಿನರಿಯಲ್ಲಿ ಸಂಗೀತ ಕಲಿತ ನಾವು, ಗುರುಗಳು, ವಹಿಸಬೇಕು.

ಹಾಗಾದರೆ ನಿಜವಾದ ಅಡ್ಡಿ ಯಾವುದು? ಬೀಗ! ಅನೇಕ ಕಪಾಟುಗಳಲ್ಲಿ ಹಿಂದಿನವರು ಸಂಗ್ರಹಿಸಿದ ಸ್ವರಲಿಪಿಯ ಹಾಳೆಗಳಿವೆ. ಕೇಳಿದರೆ, ‘ಅದು ನಮ್ಮ ಗಾನವೃಂದದ್ದು’ ಎಂಬ ಉತ್ತರ. ಕ್ರಿಸ್ತಜಯಂತಿಗೆ ನೆರೆಯ ಧರ್ಮಕೇಂದ್ರಕ್ಕಿಂತ ಚೆನ್ನಾಗಿ ಹಾಡಬೇಕೆಂಬ ಹಟದಲ್ಲಿ ಹಾಳೆಯನ್ನು ಬಚ್ಚಿಡುತ್ತೇವೆ. ಅದನ್ನು ಕಾಯ್ದ ಹಿರಿಯರು ತೀರಿಕೊಂಡ ಮೇಲೆ ಹಾಳೆಗಳು ಗೆದ್ದಲಿಗೋ ರದ್ದಿಗೋ ಹೋಗುತ್ತವೆ. 1605ರಲ್ಲಿ ಬರ್ಡನ ಗೀತಸಂಪುಟಗಳನ್ನು ಜೊತೆಯಲ್ಲಿಟ್ಟುಕೊಂಡಿದ್ದ ತಪ್ಪಿಗಾಗಿ ಫ್ರೆಂಚ್ ಪ್ರಜೆಯೊಬ್ಬನು ಲಂಡನ್ನಿನ ಸೆರೆಮನೆ ಸೇರಿದನು. ಸಂಗೀತದ ಪುಸ್ತಕಕ್ಕಾಗಿ ಒಬ್ಬನು ಸೆರೆ ಹೋದನು. ಸಂಗೀತವನ್ನೇ ನಾವು ಸೆರೆಯಲ್ಲಿಟ್ಟಿದ್ದೇವೆ.

ಕಾನೂನಿನ ಭಯವನ್ನೂ ಕೆಲವರು ಮುಂದಿಡುತ್ತಾರೆ. ಅದು ಗೌರವಿಸಬೇಕಾದ ಭಯವೇ. ಬದುಕಿರುವ ಸಂಗೀತಗಾರನ ಕೃತಿಯನ್ನು ಅನುಮತಿಯಿಲ್ಲದೆ ನಕಲಿಸುವುದು ಕೆಲಸಗಾರನ ಕೂಲಿಯನ್ನು ಕದ್ದಂತೆ. ಆದರೆ ನಮ್ಮ ದೇಶದ ಕಾನೂನಿನಂತೆ ಕರ್ತೃವಿನ ಮರಣಾನಂತರ 60 ವರ್ಷಗಳು ಕಳೆದರೆ ಕೃತಿ ಸಾರ್ವಜನಿಕರದು. ಬರ್ಡ್ 1623ರಲ್ಲಿ, ಸ್ಟ್ಯಾನ್‌ಫರ್ಡ್ 1924ರಲ್ಲಿ, ಎಲ್ಗರ್ 1934ರಲ್ಲಿ ತೀರಿಕೊಂಡರು. ಹೊಸ ಸಂಪಾದಕರ ಹಕ್ಕಿರುವ ಮುದ್ರಣಗಳನ್ನು ಬಿಟ್ಟು ಹಳೆಯ ಪ್ರತಿಗಳನ್ನು ನಿರಾತಂಕವಾಗಿ ಹಂಚಿಕೊಳ್ಳಬಹುದು.

ಒಂದು ಎಚ್ಚರಿಕೆ ಅಗತ್ಯ. ಇಂಗ್ಲಿಷ್ ಧಾಟಿಗೆ ಕನ್ನಡ ಪದಗಳನ್ನು ತುರುಕಿ, ಹ್ರಸ್ವವನ್ನು ಎಳೆದು, ದೀರ್ಘವನ್ನು ಮೊಟಕಿಸಿದ ಹಳೆಯ ಅನುವಾದಗೀತೆಗಳ ದಾರಿ ಬೇಡ. ಕಿಟೆಲ್ ಮಹಾಶಯರು 1862ರ ‘ಕಥಾಮಾಲೆ’ಯಲ್ಲಿ ಯೇಸುಚರಿತ್ರೆಗೆ ದೇಶೀಯ ಛಂದಸ್ಸನ್ನೇ ಆರಿಸಿಕೊಂಡರು. 1963ರಲ್ಲಿ ದೈವಾರಾಧನೆಯನ್ನು ಕುರಿತು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಸಂವಿಧಾನವು ಗಾನವೃಂದಗಳನ್ನು ಬೆಳೆಸಿರೆಂದಿತು, ಭಕ್ತಾದಿಗಳೆಲ್ಲರೂ ಹಾಡಬೇಕೆಂದಿತು, ಆಯಾ ಜನರ ಸಂಗೀತಕ್ಕೆ ಗೌರವ ಸಲ್ಲಲೆಂದಿತು. ಮೂಲಕೃತಿಗಳನ್ನು ಮೂಲಭಾಷೆಯಲ್ಲೇ ಹಾಡಿ ಕಲೆಯನ್ನು ಕಲಿಯೋಣ. ಕಲಿತ ಮೇಲೆ ಕನ್ನಡದ ನುಡಿಗೆ, ನಮ್ಮ ರಾಗಗಳಿಗೆ ಒಗ್ಗುವ ಹೊಸ ವೃಂದಗೀತೆಗಳನ್ನು ಕಟ್ಟೋಣ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು (1892–1944) ಅಂಧರಾಗಿದ್ದರೂ ಸಂಗೀತ ಪಾಠಶಾಲೆಯನ್ನೇ ಊರಿಂದೂರಿಗೆ ಕರೆದೊಯ್ದರು. ಬಡವರಿಗೂ ಅಂಧರಿಗೂ ಅನ್ನದೊಡನೆ ವಿದ್ಯೆಯನ್ನು ಉಚಿತವಾಗಿ ಬಡಿಸಿದರು. ಎಲ್ಲರಿಂದಲೂ ಕಲಿತವನೆಂದು ಸರ್ವಜ್ಞನನ್ನು ಕೊಂಡಾಡುವ ನಾಡು ಹಿರೇಕೆರೂರಿನದು. ಇಂಥ ನೆಲದಲ್ಲಿ ನಿಂತು, ಕಪಾಟಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ನಮಗೆ ಶೋಭೆಯಲ್ಲ. ಬರುವ ಆಗಮನಕಾಲಕ್ಕೆ ಮುನ್ನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಕೃತಿಗಳ ಹಾಳೆಗಳನ್ನು ತುಂಬಿರಿ. ಅದು ಬಸ್ಸೇರಿ ಈ ನಾಲ್ಕು ಊರುಗಳ ನಡುವೆ ಸಂಚರಿಸಲಿ. ಮೂವರು ಸಿಕ್ಕಿದಲ್ಲಿ ಹಾಡು ಆರಂಭವಾಗಲಿ.